ಹೀರೋ ಮಾತು ಕೇಳಿಸ್ತಾ ಗುರುವೇ?



ನಿಮ್ಮ ಕಾಗದಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ತಲೆ ಎತ್ತುತ್ತಿದೆ. "ಸಾರ್, ಮನೇಲಿ ಹೋಮ್ ಥಿಯೇಟರ್ ಮಾಡಿಸಬೇಕು. ಎಷ್ಟು ವ್ಯಾಟಿನ ರಿಸೀವರ್ ತಗೊಳ್ಳಲಿ?" ಸಾವಿರ ವ್ಯಾಟ್ ಸಾಕೇ, ಎರಡು ಸಾವಿರ ಬೇಕೇ ಎಂದು ಕೇಳುವ ಧೀರರೂ ಇದ್ದಾರೆ!

ವ್ಯಾಟಿನ ವಿಚಾರಕ್ಕೆ ಆಮೇಲೆ ಬರೋಣ. ಮೊದಲು ನನ್ನದೊಂದು ಪ್ರಶ್ನೆಗೆ ಉತ್ತರ ಹೇಳಿ. ನಿಮ್ಮ ಮನೆ ಟಿವಿಯಲ್ಲಿ ಹೀರೋ ಆಡೋ ಮಾತು ಕೇಳಿಸುತ್ತಾ?

ಫೈಟಿನ ಸದ್ದು ಕೇಳಿಸುತ್ತೆ. ಹಾಡು ಕೇಳಿಸುತ್ತೆ. ಕಾರು, ಬೈಕು, ಬಾಂಬು ಎಲ್ಲಾ ಕೇಳಿಸುತ್ತೆ. ಆದರೆ ನಾಯಕ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮೆಲ್ಲಗೆ ನಾಲ್ಕು ಮಾತು ಆಡಿದನೋ... ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ. "ಏನಂದ? ಏನಂದ?" ಕೈ ರಿಮೋಟಿಗೆ ಹೋಗುತ್ತೆ, ವಾಲ್ಯೂಮ್ ಏರುತ್ತೆ. ಅಷ್ಟರಲ್ಲಿ ಬಾಗಿಲು ಒದ್ದುಕೊಂಡು ಖಳನಾಯಕ ಬರ್ತಾನೆ, ಒಳಗೆ ಮಲಗಿದ್ದ ಮಗು ಕಿಟಾರನೆ ಕಿರುಚಿಕೊಂಡು ಏಳುತ್ತೆ! ಕೊನೆಗೆ ಏನು ಮಾಡ್ತೀವಿ? ಕನ್ನಡ ಚಿತ್ರಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ಕೂತ್ಕೋತೀವಿ. ಹುಟ್ಟಿದಾಗಿನಿಂದ ಆಡಿದ ಭಾಷೆಯನ್ನು ಇನ್ನೊಂದು ಭಾಷೆಯಲ್ಲಿ ಓದಿ ತಿಳಿದುಕೊಳ್ಳೋ ದುರ್ಗತಿ! ಓದು ಬಾರದ ಅಜ್ಜಿಗೆ ಆ ಭಾಗ್ಯವೂ ಇಲ್ಲ. ಅವರು ಸುಮ್ಮನೆ ಎದ್ದು ಅಡುಗೆಮನೆಗೆ ಹೋಗ್ತಾರೆ.

ಆದ್ದರಿಂದ ಈ ವಾರದ ನನ್ನ ಮಾತು ಇಷ್ಟೇ. ರಿಸೀವರ್ ತಗೊಳ್ಳೋದು ಮಾತು ಕೇಳಿಸಲಿಕ್ಕೆ. ಗೋಡೆ ನಡುಗಿಸೋದು ಆಮೇಲಿನ ವಿಷಯ. ಈ ಸೂತ್ರ ಹಿಡಿದು ಹೊರಟರೆ ಯಾವ ಅಂಗಡಿಯವನೂ ನಿಮಗೆ ಟೋಪಿ ಹಾಕಲಾರ.

ಪರದೆಯ ಹಿಂದಿನ ಗುಟ್ಟು

ಚಿತ್ರಮಂದಿರದ ಪರದೆಯನ್ನು ಹತ್ತಿರದಿಂದ ನೋಡಿದ್ದೀರಾ? ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆದವರಿಗೆ ಗೊತ್ತಿರಬಹುದು. ಆ ಬಿಳಿ ಪರದೆಯ ಮೈತುಂಬ ಸಣ್ಣ ಸಣ್ಣ ತೂತುಗಳು. ಅದರ ಹಿಂದೆ ಸ್ಪೀಕರುಗಳು ನಿಂತಿರುತ್ತವೆ. ಎಡಕ್ಕೊಂದು, ಬಲಕ್ಕೊಂದು, ನಟ್ಟನಡುವೆ ಒಂದು. ಪಾತ್ರಗಳ ಮಾತು ಹೆಚ್ಚುಕಡಿಮೆ ಪೂರ್ತಿ ಆ ನಡುವಿನ ಸ್ಪೀಕರಿನಿಂದಲೇ ಬರುತ್ತೆ. ಮೂಲೆ ಸೀಟಿನಲ್ಲಿ ಕೂತವನಿಗೂ ಮಾತು ಹೀರೋ ಬಾಯಿಂದಲೇ ಬಂದಂತೆ ಅನಿಸೋದು ಅದಕ್ಕೇ.

ಒಂದು ಕಾಲಕ್ಕೆ ಇದ್ದದ್ದು ಒಂದೇ ದಾರಿಯ ಧ್ವನಿ, ಮೋನೋ. 1972ರ 'ಬಂಗಾರದ ಮನುಷ್ಯ' ನೋಡಿ ಕಣ್ಣೀರು ಹಾಕಿದವರೆಲ್ಲ ಹಾಕಿದ್ದು ಮೋನೋ ಧ್ವನಿಗೇ! 1975ರಲ್ಲಿ, ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ 'ಶೋಲೆ' 70 ಎಂ.ಎಂ. ಪರದೆಗೆ ಸ್ಟೀರಿಯೋಫೋನಿಕ್ ಧ್ವನಿ ತಂತು. ಅಮಿತಾಭ್ ಚಿಮ್ಮಿದ ನಾಣ್ಯ ತಮ್ಮ ಸೀಟಿನ ಕೆಳಗೇ ಬಿತ್ತು ಅಂತ ಜನ ಬಗ್ಗಿ ಹುಡುಕಿದರು ಅನ್ನೋ ಕಥೆ ಇಂದಿಗೂ ಚಾಲ್ತಿಯಲ್ಲಿದೆ. 1979ರ 'ಅಪೋಕ್ಯಾಲಿಪ್ಸ್ ನೌ' ಚಿತ್ರದ 70 ಎಂ.ಎಂ. ಪ್ರತಿಗಳಲ್ಲಿ ಪ್ರೇಕ್ಷಕರ ಹಿಂದಿನ ಧ್ವನಿಯೂ ಎಡ-ಬಲ ಎಂದು ಬೇರೆಯಾಯಿತು. 1992ರ 'ಬ್ಯಾಟ್‌ಮನ್ ರಿಟರ್ನ್ಸ್' ಜೊತೆ ಡಾಲ್ಬಿ ಡಿಜಿಟಲ್ 5.1 ಬಂತು. 2012ರ 'ಬ್ರೇವ್' ಚಿತ್ರದಿಂದ ಡಾಲ್ಬಿ ಅಟ್ಮಾಸ್ ಶುರುವಾಗಿ ಸದ್ದು ತಲೆಯ ಮೇಲಿಂದಲೂ ಸುರಿಯತೊಡಗಿತು. ಇಷ್ಟೆಲ್ಲ ಅವತಾರ ಎತ್ತಿದರೂ ಆ ನಡುವಿನ ಸ್ಪೀಕರ್ ಮಾತ್ರ ತನ್ನ ಜಾಗ ಬಿಟ್ಟುಕೊಟ್ಟಿಲ್ಲ ನೋಡಿ!

5.1 ಅಂದರೆ ಮುಂದೆ ಮೂರು, ಹಿಂದೆ ಎರಡು, ಬರೀ ಗುಡುಗಿಗೆ ಮೀಸಲಾದ ಸಬ್‌ವೂಫರ್ ಒಂದು. ಇವತ್ತಿನ ಚಪ್ಪಟೆ ಟಿವಿ ಏನು ಮಾಡುತ್ತೆ? ಈ ಆರೂ ದಾರಿಯ ಸದ್ದನ್ನು ಒಂದೇ ಚೀಲಕ್ಕೆ ತುರುಕಿ, ನೆಲದ ಕಡೆಗೋ ಗೋಡೆ ಕಡೆಗೋ ಮುಖ ಮಾಡಿರುವ ಎರಡು ಪುಟ್ಟ ಸ್ಪೀಕರುಗಳಿಂದ ಸುರಿಯುತ್ತೆ. ಮಾತು ಆ ಗದ್ದಲದಲ್ಲಿ ಸಿಕ್ಕಿಹಾಕಿಕೊಳ್ಳದೆ ಇನ್ನೇನಾದೀತು?

ರಿಸೀವರ್ ಅನ್ನೋ ಪೆಟ್ಟಿಗೆ ಆ ಗಂಟನ್ನು ಬಿಚ್ಚುತ್ತೆ. ಯಾವ ಸದ್ದು ಯಾವ ಸ್ಪೀಕರಿಗೆ ಅಂತ ಬೇರ್ಪಡಿಸಿ, ಒಂದೊಂದಕ್ಕೂ ಬೇರೆ ಬೇರೆ ಶಕ್ತಿ ತುಂಬಿ, ಸರಿಯಾದ ಗಳಿಗೆಗೆ ಕಳಿಸುತ್ತೆ. ಅದು ನಿರ್ದೇಶಕ ಇದ್ದ ಹಾಗೆ. ತಾನು ಪರದೆ ಮೇಲೆ ಬರಲ್ಲ. ನಟಿಸೋದು ಸ್ಪೀಕರುಗಳು. ನಟರೇ ಇಲ್ಲದೆ ನಿರ್ದೇಶಕನಿಗೆ ಲಕ್ಷ ಲಕ್ಷ ಸುರಿದರೆ ಚಿತ್ರ ಓಡುತ್ತೇನು?

ವ್ಯಾಟಿನ ಮಾಯಾಬಜಾರು

ಈಗ ವ್ಯಾಟಿಗೆ ಬರೋಣ. ಪಿಎಂಪಿಓ ಅಂತ ಬರೆದ ಡಬ್ಬಿಗಳನ್ನು ನೀವೂ ನೋಡಿದ್ದೀರಿ. ಅಂಗೈಯಗಲದ ಸ್ಪೀಕರಿಗೆ 5000 ವ್ಯಾಟ್! ಅದಕ್ಕೆ ಒಪ್ಪಿತ ಅಳತೆಯೇ ಇಲ್ಲ, ಬರೆದವನ ಧಾರಾಳತನವೇ ಅಳತೆ. ಅಂಥದ್ದನ್ನು ಕಂಡರೆ ಕೈಮುಗಿದು ಮುಂದಕ್ಕೆ ನಡೆಯಿರಿ.

ದೊಡ್ಡ ಕಂಪನಿಗಳ ರಿಸೀವರಿನಲ್ಲೂ ಸಣ್ಣಕ್ಷರ ಓದಬೇಕು ಕಣ್ರೀ. ಒಂದೇ ಯಂತ್ರಕ್ಕೆ ಒಂದು ಕಡೆ 130 ವ್ಯಾಟ್, ಇನ್ನೊಂದು ಕಡೆ 70 ವ್ಯಾಟ್ ಅಂತ ಇರಬಹುದು. ಎರಡೂ ಸುಳ್ಳಲ್ಲ! ದೊಡ್ಡ ಅಂಕಿ ಒಂದೇ ಚಾನೆಲ್ ಓಡಿಸಿ, 1 ಕಿಲೋಹರ್ಟ್ಸಿನ ಒಂದೇ ಸ್ವರ ಕೊಟ್ಟು, ಶೇಕಡಾ 10ರಷ್ಟು ಕರ್ಕಶತೆ ಬರುವವರೆಗೂ ಹಿಂಡಿ ಅಳೆದದ್ದು. ಸಣ್ಣ ಅಂಕಿ ಎರಡು ಚಾನೆಲ್ ಓಡಿಸಿ, 20 ಹರ್ಟ್ಸಿನಿಂದ 20 ಕಿಲೋಹರ್ಟ್ಸ್‌ವರೆಗೆ, ಶೇಕಡಾ ಒಂದಕ್ಕಿಂತ ಎಷ್ಟೋ ಕಡಿಮೆ ಕರ್ಕಶತೆಯಲ್ಲಿ ಅಳೆದದ್ದು. ಎರಡನೆಯದನ್ನೇ ನಂಬಿ. ಈ ಅಂಕಿ ಆಟ ಇಂದು ನಿನ್ನೆಯದಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಇದಕ್ಕೊಂದು ನಿಯಮ ಮಾಡಿತು. ಐವತ್ತು ವರ್ಷ ಕಳೆದು 2024ರಲ್ಲಿ ಅದೇ ನಿಯಮವನ್ನು ಮತ್ತೆ ಬಿಗಿ ಮಾಡಬೇಕಾಗಿ ಬಂತು!

ಇನ್ನು ನಿಮಗೆ ಎಷ್ಟು ಬೇಕು? ಸ್ಪೀಕರಿನ ಹಿಂದೆ 'ಸೆನ್ಸಿಟಿವಿಟಿ 88 ಡಿಬಿ' ಎಂಬಂಥ ಅಂಕಿ ಇರುತ್ತೆ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಅಂತ ಅರ್ಥ. ಹತ್ತಡಿ ದೂರದ ಸೋಫಾಕ್ಕೆ ಅದು ಸುಮಾರು 78 ಡೆಸಿಬೆಲ್ ಆಗಿ ತಲುಪುತ್ತೆ. ನಾವು ನೀವು ಮಾತಾಡೋದು ಸುಮಾರು 60. ಅಂದರೆ ಮಾಮೂಲು ಮಾತಿಗೆ ಒಂದು ವ್ಯಾಟೂ ಬೇಡ ಸ್ವಾಮೀ! ಸಿಡಿಲು, ಸ್ಫೋಟ, 'ಕಾಂತಾರ'ದ (2022) ಕೊನೆಯ ಆ ಕೂಗು, ಇಂಥ ಗಳಿಗೆಗೆ 50 ವ್ಯಾಟ್ ಕೊಟ್ಟರೆ ಅದೇ ಸೋಫಾದಲ್ಲಿ 95 ಡೆಸಿಬೆಲ್ ಬಡಿಯುತ್ತೆ. ನಮ್ಮ ನಿಮ್ಮ 10-12 ಅಡಿ ಕೋಣೆಗೆ ಧಾರಾಳ ಸಾಕು.

80 ವ್ಯಾಟ್ ಬಿಟ್ಟು 100 ವ್ಯಾಟಿನದು ತಗೊಂಡರೆ ಹೆಚ್ಚಾಗೋದು ಬರೀ 1 ಡೆಸಿಬೆಲ್. ಕಿವಿಗೆ ಗೊತ್ತಾಗೋದೇ ಕಷ್ಟ. ಸದ್ದು ಎರಡು ಪಟ್ಟಾದಂತೆ ಅನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ ಅಂಕಿಯ ಹಿಂದೆ ಓಡಿ ಸಂಬಳ ಸುಡಬೇಡಿ.

ಅಂಗಡಿಗೆ ಹೋಗುವ ಮುಂಚೆ

ಜೇಬಿನಲ್ಲಿರೋದು 100 ರೂಪಾಯಿ ಅಂದುಕೊಳ್ಳಿ. 40 ರಿಸೀವರಿಗೆ, 60 ಸ್ಪೀಕರುಗಳಿಗೆ. ಇದು ನನ್ನ ಲೆಕ್ಕ. ಮುಂದಿನ ಮೂರು ಸ್ಪೀಕರುಗಳು ಒಂದೇ ಕಂಪನಿಯ ಒಂದೇ ಶ್ರೇಣಿಯವಾಗಿರಲಿ. ಇಲ್ಲದಿದ್ದರೆ ನಾಯಕ ಎಡದಿಂದ ಬಲಕ್ಕೆ ನಡೆಯುವಾಗ ಕಂಠ ಮೂರು ಸಲ ಬದಲಾಗುತ್ತೆ, ಮೂರು ಜನ ಡಬ್ಬಿಂಗ್ ಮಾಡಿದ ಹಾಗೆ!

ದುಡ್ಡು ಸಾಲದೇ? ಚಿಂತೆ ಬೇಡ, ಕಂತಿನಲ್ಲಿ ಕಟ್ಟಿಕೊಳ್ಳಿ. ಮೊದಲು ರಿಸೀವರ್ ಮತ್ತು ಮುಂದಿನ ಮೂರು ಸ್ಪೀಕರ್. ಮಾತಿನ ಸಮಸ್ಯೆ ಅಲ್ಲಿಗೇ ಬಗೆಹರಿಯಿತು! ಮುಂದಿನ ಬೋನಸ್ಸಿಗೆ ಸಬ್‌ವೂಫರ್, ಅದರಾಚೆಗೆ ಹಿಂದಿನ ಜೋಡಿ. ಇಲ್ಲದ ಸ್ಪೀಕರನ್ನು 'ಇಲ್ಲ' ಅಂತ ರಿಸೀವರಿಗೆ ತಿಳಿಸಿದರೆ, ಆ ಪಾಲಿನ ಸದ್ದನ್ನು ಇರುವ ಸ್ಪೀಕರುಗಳಿಗೇ ಹಂಚುತ್ತೆ. ಏನೂ ಕಳೆದುಹೋಗಲ್ಲ.

5.1 ಸಾಕೇ, 7.2 ಬೇಕೇ? ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿದ್ದರೆ ಬೆನ್ನ ಹಿಂದಿನ ಹೆಚ್ಚುವರಿ ಜೋಡಿಗೆ ಜಾಗವೇ ಇಲ್ಲ. ಆ ಎರಡು ಚಾನೆಲನ್ನು ಚಾವಣಿಗೆ ಬಳಸಿ ಅಟ್ಮಾಸ್ ಮಾಡಿಕೊಳ್ಳಬಹುದು, ಅದು 5.1.2. ಆದರೆ ಒಂದು ಎಚ್ಚರಿಕೆ. ಮೇಲ್ಮುಖವಾಗಿ ಸದ್ದು ಚಿಮ್ಮಿಸಿ ಚಾವಣಿಗೆ ಬಡಿದು ಇಳಿಸುವ ಸ್ಪೀಕರುಗಳಿಗೆ ಸಮತಟ್ಟಾದ ಚಾವಣಿ ಬೇಕು. ಮಂಗಳೂರು ಹೆಂಚಿನ ಇಳಿಜಾರು ಮಾಡಿನ ಕೆಳಗೆ ಆ ಜಾದೂ ನಡೆಯಲ್ಲ. ಅಂಥ ಮನೆಗೆ ಒಳ್ಳೆಯ 5.1 ಸಾಕು.

ಹಿಂದೆ ಎಚ್‌ಡಿಎಂಐ ಕಿಂಡಿ ಎಷ್ಟಿವೆ ಅಂತ ಎಣಿಸಬೇಡಿ, ಯಾವುದಿದೆ ಅಂತ ನೋಡಿ. ಟಿವಿಗೆ ಹೋಗುವ ಕಿಂಡಿಯ ಮೇಲೆ 'ಎಆರ್‌ಸಿ' ಅಥವಾ 'ಇಎಆರ್‌ಸಿ' ಅಂತ ಇರಬೇಕು. 2009ರಲ್ಲಿ ಬಂದ ಎಆರ್‌ಸಿಯಿಂದ ಟಿವಿಯ ಸದ್ದು ಅದೇ ವೈರಿನಲ್ಲಿ ರಿಸೀವರಿಗೆ ವಾಪಸು ಬರುತ್ತೆ. ಓಟಿಟಿ ಚಿತ್ರಗಳ ಅಟ್ಮಾಸ್ ಧ್ವನಿಗೂ ಅದು ಸಾಕಾಗುತ್ತೆ. 2017ರಲ್ಲಿ ಬಂದ ಇಎಆರ್‌ಸಿ ಬ್ಲೂ-ರೇ ತಟ್ಟೆಯ ಪೂರ್ಣ ಗುಣಮಟ್ಟದ ಧ್ವನಿಯನ್ನೂ ಹೊರುತ್ತೆ. ಜೇಬು ಇನ್ನೂ ಹಗುರವಾಗಿದ್ದರೆ ಒಳ್ಳೆಯ ಕಂಪನಿಯ ಹಳೇ ರಿಸೀವರ್ ಹುಡುಕಿ. ಆಪ್ಟಿಕಲ್ ಕಿಂಡಿ ಇದ್ದರೂ ಟಿವಿಯಿಂದ ಡಾಲ್ಬಿ ಡಿಜಿಟಲ್ 5.1 ಬರುತ್ತೆ. ಅಟ್ಮಾಸ್ ಮಾತ್ರ ಅದರಲ್ಲಿ ಬರೋಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲೆದರೆ ಕಾಲು ನೋಯುತ್ತೆ, ಜೇಬು ಉಳಿಯುತ್ತೆ.

ಅಮೆರಿಕದ ಭಾವ ತಂದುಕೊಟ್ಟ ರಿಸೀವರ್ ಅಂತ ಹಿಗ್ಗುವವರೇ, ಹಿಂಬದಿ ಓದಿ. '120 ವೋಲ್ಟ್' ಅಂತಿದ್ದರೆ ನಮ್ಮ 230 ವೋಲ್ಟಿಗೆ ಸಿಕ್ಕಿಸಿದ ಮರುಗಳಿಗೆ ಅದರ ಕಥೆ 'ಶುಭಂ'! ಸರಿಯಾದ ಸಾಮರ್ಥ್ಯದ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟಬೇಡಿ.

ಅಂಗಡಿಯವನು ನಿಮಗೆ ಫೈಟಿನ ದೃಶ್ಯ ಹಾಕಿ ತೋರಿಸ್ತಾನೆ. ಯಾವ ಡಬ್ಬದಲ್ಲೂ ಫೈಟು ಚೆನ್ನಾಗಿಯೇ ಇರುತ್ತೆ. ನೀವು ಇಬ್ಬರು ಮೆಲ್ಲಗೆ ಮಾತಾಡುವ ದೃಶ್ಯ ಹಾಕಿಸಿ, ವಾಲ್ಯೂಮ್ ಇಳಿಸಿ, ಕಣ್ಣು ಮುಚ್ಚಿ ಕೇಳಿ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿದರೆ ದುಡ್ಡು ಎಣಿಸಿ.

ಅಳತೆ ಟೇಪಿನ ಮಹಿಮೆ

ಮನೆಗೆ ತಂದಿರಿ. ಇನ್ನು ಅರ್ಧ ಕೆಲಸ ಬಾಕಿ ಇದೆ. ಒಂದು ಭಾನುವಾರ ಮಧ್ಯಾಹ್ನ, ಒಂದು ಅಳತೆ ಟೇಪು, ಒಬ್ಬ ಗೆಳೆಯ ಇದ್ದರೆ ಸಾಕು. ಈ ಮೂರು ಗಂಟೆಯ ಕೆಲಸ ತಂದುಕೊಡುವ ಸುಖವನ್ನು ಹತ್ತು ಸಾವಿರ ಹೆಚ್ಚು ಕೊಟ್ಟರೂ ಅಂಗಡಿ ಕೊಡಲಾರದು.

ನಡುವಿನ ಸ್ಪೀಕರ್ ಟಿವಿಯ ಸರಿಯಾಗಿ ಕೆಳಗೆ ಇರಲಿ. ಶೋಕೇಸಿನ ಒಳಗೆ ಬೊಂಬೆಗಳ ಜೊತೆ ಕೂಡಿಹಾಕಬೇಡಿ, ಡಬ್ಬದೊಳಗಿಂದ ಮಾತಾಡಿದ ಹಾಗೆ ಆಗುತ್ತೆ. ಹಲಗೆಯ ಅಂಚಿಗೆ ಎಳೆದು, ಮೂತಿ ನಿಮ್ಮ ಕಿವಿಯ ಕಡೆ ಏಳುವಂತೆ ಕೆಳಗೊಂದು ರಬ್ಬರ್ ತುಂಡು ಕೊಡಿ. ಇಷ್ಟಕ್ಕೇ ಮಾತು ತಿಳಿಯಾಗುತ್ತೆ!

ಎಡ-ಬಲದ ಜೋಡಿ: ನೀವು 9 ಅಡಿ ದೂರ ಕೂತರೆ ಅವೆರಡರ ನಡುವೆ 7ರಿಂದ 9 ಅಡಿ. ಹಿಂದಿನ ಜೋಡಿ ನಿಮ್ಮ ಪಕ್ಕಕ್ಕೆ, ಭುಜಕ್ಕಿಂತ ತುಸು ಹಿಂದೆ, ಕಿವಿಗಿಂತ ಒಂದೆರಡು ಅಡಿ ಮೇಲೆ. ಡಾಲ್ಬಿಯವರ ಲೆಕ್ಕದಲ್ಲಿ ಅದು 110ರಿಂದ 120 ಡಿಗ್ರಿ. ವೈರಿಗೆ ದುಬಾರಿ ಹೆಸರು ಬೇಡ. 1.5 ಚದರ ಮಿಲಿಮೀಟರಿನ ಒಳ್ಳೆಯ ತಾಮ್ರದ ವೈರು ಸಾಕು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದೇ ಒಂದು ತಿರುವುಮುರುವಾದರೂ ಸದ್ದು ಟೊಳ್ಳಾಗುತ್ತೆ.

ಸಬ್‌ವೂಫರ್ ಎಲ್ಲಿಡಬೇಕು? ಇದಕ್ಕೊಂದು ತಮಾಷೆ ಉಪಾಯ ಉಂಟು. ಅದನ್ನೇ ಎತ್ತಿ ನೀವು ಕೂರುವ ಸೋಫಾದ ಮೇಲೆ ಕೂರಿಸಿ ಒಂದು ಹಾಡು ಹಾಕಿ. ನೀವು ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಗುಂಟ ಹೋಗಿ. ಎಲ್ಲಿ ಗುಡುಗು ಗೊಣಗದೆ ಬಿಗಿಯಾಗಿ ಕೇಳಿಸುತ್ತೋ ಅದೇ ಅದರ ಜಾಗ. ಬಾಗಿಲು ಹಾಕಿಕೊಂಡು ಮಾಡಿ, ನೋಡಿದವರು ಏನಾದರೂ ಅಂದುಕೊಂಡಾರು!

ರಿಸೀವರ್ ಜೊತೆ ಒಂದು ಪುಟ್ಟ ಮೈಕು ಬಂದಿರುತ್ತೆ. ಡೆನಾನ್‌ನವರು ಆಡಿಸ್ಸಿ ಅಂತಾರೆ, ಯಮಾಹಾದವರು ವೈಪಿಎಓ ಅಂತಾರೆ. ಕೆಲಸ ಒಂದೇ. ಪ್ರತಿ ಸ್ಪೀಕರಿನಿಂದ ಟುಸ್ ಟುಸ್ ಅನ್ನಿಸಿ ದೂರ, ಜೋರು ಎರಡನ್ನೂ ಅಳೆಯುತ್ತೆ. ಸದ್ದು ಒಂದು ಅಡಿ ಸಾಗಲು ಸುಮಾರು 0.9 ಮಿಲಿಸೆಕೆಂಡ್ ತಗೊಳ್ಳುತ್ತೆ. ಹತ್ತಿರದ ಸ್ಪೀಕರನ್ನು ಅಷ್ಟು ಹೊತ್ತು ತಡೆದು ಎಲ್ಲ ಸದ್ದೂ ಒಟ್ಟಿಗೆ ನಿಮ್ಮ ಕಿವಿ ಸೇರುವಂತೆ ಮಾಡುತ್ತೆ. ಮೈಕನ್ನು ನಿಮ್ಮ ಕಿವಿ ಇರುವ ಎತ್ತರಕ್ಕೆ ಸ್ಟ್ಯಾಂಡಿನ ಮೇಲೆ ಇಡಿ. ಫ್ಯಾನ್ ಆರಿಸಿ, ಕುಕ್ಕರ್ ಕೂಗುವ ಹೊತ್ತು ಬಿಡಿ, ಯಾರೂ ಕೆಮ್ಮಬೇಡಿ.

ಅಳತೆ ಮುಗಿದ ಮೇಲೆ ಮೆನುವಿಗೆ ಹೋಗಿ ಮೂರು ಕೆಲಸ ಮಾಡಿ. ಒಂದು, ಸ್ಪೀಕರುಗಳನ್ನು 'ಲಾರ್ಜ್' ಅಂತ ಬರೆದುಕೊಂಡಿದ್ದರೆ 'ಸ್ಮಾಲ್' ಮಾಡಿ, ಕ್ರಾಸ್‌ಓವರ್ 80 ಹರ್ಟ್ಸಿಗೆ ಇಡಿ. ಗುಡುಗಿನ ಭಾರವೆಲ್ಲ ಸಬ್‌ವೂಫರ್ ಹೊರಲಿ, ನಡುವಿನ ಸ್ಪೀಕರ್ ನಿರಾಳವಾಗಿ ಮಾತಾಡಲಿ. ಎರಡು, ದೂರಗಳು ಸರಿಯೇ ಅಂತ ಟೇಪು ಹಿಡಿದು ನೋಡಿ. ಸಬ್‌ವೂಫರಿನ ದೂರ ಮಾತ್ರ ನಿಜಕ್ಕಿಂತ ಹೆಚ್ಚಾಗಿ ಕಂಡರೆ ಹೆದರಬೇಡಿ, ಅದು ಮಾಮೂಲು. ಮೂರು, ನಡುವಿನ ಸ್ಪೀಕರನ್ನು ಇನ್ನೊಂದೆರಡು ಡೆಸಿಬೆಲ್ ಏರಿಸಿ. ಅಜ್ಜಿ ಅಡುಗೆಮನೆಗೆ ಎದ್ದು ಹೋಗದಂತೆ ತಡೆಯುವ ಗುಂಡಿ ಇದೇ!

ಎಲ್ಲ ಮಾಡಿದರೂ ಹಿಂದಿನ ಸ್ಪೀಕರು ಮೂಕವಾಗಿದ್ದರೆ ರಿಸೀವರನ್ನು ಬೈಯಬೇಡಿ, ಟಿವಿಯನ್ನು ವಿಚಾರಿಸಿ. ನಾನು ನೋಡಿದ ಮನೆಗಳಲ್ಲಿ ಹೆಚ್ಚಿನ ಕಡೆ ಅಪರಾಧಿ ಅದೇ. ಟಿವಿಯ ಧ್ವನಿ ವಿಭಾಗದಲ್ಲಿ 'ಪಿಸಿಎಂ' ಅಂತಿದ್ದರೆ ಹೆಚ್ಚಾಗಿ ಎರಡೇ ದಾರಿಯ ಸದ್ದು ಹೊರಗೆ ಬರುತ್ತೆ. ಅದನ್ನು 'ಬಿಟ್‌ಸ್ಟ್ರೀಮ್' ಅಥವಾ 'ಪಾಸ್‌ಥ್ರೂ' ಮಾಡಿ, ಎಚ್‌ಡಿಎಂಐ ಸಿಇಸಿ ಚಾಲೂ ಮಾಡಿ. ರಿಸೀವರಿನ ಹಣೆಯ ಮೇಲೆ 'ಡಾಲ್ಬಿ' ಅಂತ ಮೂಡಿದರೆ ಗೆದ್ದಿರಿ.

ಅಣ್ಣಾವ್ರ ಚಿತ್ರಕ್ಕೆ ಯಾವ ಗುಂಡಿ?

ಹೊಸ ರಿಸೀವರ್ ಬಂದ ಹುಮ್ಮಸ್ಸಿನಲ್ಲಿ ಹಳೇ ಚಿತ್ರಕ್ಕೂ 'ಹಾಲ್', 'ಸ್ಟೇಡಿಯಂ' ಅಂತ ಗುಂಡಿ ಒತ್ತಬೇಡಿ. ಡಾ. ರಾಜ್‌ಕುಮಾರ್ ಬಾವಿಯೊಳಗೆ ನಿಂತು ಮಾತಾಡಿದ ಹಾಗೆ ಆಗುತ್ತೆ. 'ಡಾಲ್ಬಿ ಸರೌಂಡ್' ಅನ್ನೋ ಗುಂಡಿ ಒತ್ತಿ. ಸರೌಂಡ್ ಅಂದ್ರೆ ಸುತ್ತಲೂ ಹರಡುತ್ತಲ್ಲಾ ಅಂತೀರಾ? ಅಲ್ಲೇ ಇರೋದು ಸ್ವಾರಸ್ಯ! ಮೋನೋ ಧ್ವನಿ ಎಡ-ಬಲ ಎರಡರಲ್ಲೂ ಒಂದೇ ತೆರನಾಗಿರುತ್ತೆ. ಎರಡರಲ್ಲೂ ಒಂದೇ ಇರುವುದನ್ನು ಈ ವ್ಯವಸ್ಥೆ ನಡುವಿನ ಸ್ಪೀಕರಿಗೆ ಕಳಿಸುತ್ತೆ. ಹಾಗಾಗಿ ಮಾತು, ಹಾಡು ಎಲ್ಲ ನಟ್ಟನಡುವಿನಿಂದ, ಅಂದಿನ ಟಾಕೀಸಿನಲ್ಲಿ ಪರದೆಯ ಹಿಂದಿನಿಂದ ಬಂದ ಹಾಗೇ ಬರುತ್ತೆ. ಚಿತ್ರವನ್ನು ಇಂಟರ್‌ನೆಟ್ಟಿಗೆ ಏರಿಸಿದವರು ಕೃತಕವಾಗಿ ಸ್ಟೀರಿಯೋ ಮಾಡಿ ಕೆಡಿಸಿರಬಾರದು, ಅಷ್ಟೇ.

ರಾತ್ರಿ ಹೊತ್ತು 'ನೈಟ್ ಮೋಡ್' ಹಾಕಿ. ಮೆಲುಮಾತು ಮೇಲೇಳುತ್ತೆ, ಬಾಂಬು ಬಗ್ಗುತ್ತೆ, ಕೆಳಮನೆಯ ಓನರ್ ಬಾಗಿಲು ತಟ್ಟೋದು ತಪ್ಪುತ್ತೆ. ರಿಸೀವರಿಗೆ ಬಿಸಿ ಜಾಸ್ತಿ. ನೆತ್ತಿಯ ಮೇಲೆ ಗೇಣಗಲ ಗಾಳಿ ಆಡಲಿ, ಮೇಲೆ ಸೆಟ್‌ಟಾಪ್ ಬಾಕ್ಸ್ ಹೇರಬೇಡಿ. ಊರಲ್ಲಿ ಕರೆಂಟು ಕುಣಿಯುತ್ತಿದ್ದರೆ ಸ್ಟೆಬಿಲೈಸರ್ ಇರಲಿ, ಅರ್ಥಿಂಗ್ ಸರಿ ಇರಲಿ.

ಗೆಳೆಯರೇ, ನೆಚ್ಚಿನ ನಟನ ಕಟೌಟಿಗೆ ಹಾಲೆರೆಯುವ ನಾವು ಅವನು ಆಡುವ ಮಾತಿನಲ್ಲಿ ಅರ್ಧವನ್ನು ಕಳೆದುಕೊಂಡು ಚಿತ್ರ ನೋಡಿದರೆ ಅದೆಂಥ ಅಭಿಮಾನ ಹೇಳಿ? ಒಬ್ಬ ಬರಹಗಾರ ರಾತ್ರಿಯೆಲ್ಲ ಕೂತು ಬರೆದ ಮಾತು ಅದು, ಒಬ್ಬ ನಟ ಉಸಿರು ಹಿಡಿದು ಆಡಿದ ಮಾತು ಅದು. ಸಬ್‌ಟೈಟಲ್ ಆರಿಸಿ. ಪೂರ್ತಿ ಕೇಳಿ.

ಮುಂದಿನ ವಾರ ಪ್ರೊಜೆಕ್ಟರ್ ಬಗ್ಗೆ ಮಾತಾಡೋಣ. ಬಿಳಿ ಗೋಡೆ ಸಾಕೇ, ಪರದೆ ಬೇಕೇ? ಕಾಗದ ಬರೆಯೋದು ಮರೀಬೇಡಿ. ಬರ್ಲಾ?